ಪಟ್ಟವೇರದ ಹುಡುಗ

ಐನಾಪುರದ ಶಾಲೆಯೊಂದರಲ್ಲಿ ಜನವರಿ 26ರಂದು ಧ್ವಜ ಏರಿಸಿದ ಮೇಲೆ ಸಂಗೊಳ್ಳಿ ರಾಯಣ್ಣನ ಕಥೆ ಹೇಳುತ್ತಿದ್ದೆ. ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: “ಸರ್, ಅವ್ರೆಲ್ಲಾ ಯಾರ ಸಲುವಾಗಿ ಬಡದಾಡಿದ್ರೋ ಆ ಹುಡುಗ ಮುಂದ ಏನಾದ್ರೀ?” ಗೋಡೆಯ ಪಟಗಳಲ್ಲಿ ಕಿತ್ತೂರು ರಾಣಿ ಚೆನ್ನಮ್ಮನ ಕುದುರೆಯಿತ್ತು, ರಾಯಣ್ಣನ ಕತ್ತಿಯಿತ್ತು. ಹುಡುಗನಿರಲಿಲ್ಲ.

ಅವನ ಹೆಸರು ಶಿವಲಿಂಗಪ್ಪ. 1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರ ಸರ್ಜ ತೀರಿಕೊಂಡಾಗ, ಸಂಸ್ಥಾನಕ್ಕೆ ವಾರಸುದಾರನೆಂದು ದತ್ತಕ ಬಂದವನು. ಈಸ್ಟ್ ಇಂಡಿಯಾ ಕಂಪನಿಯ ಧಾರವಾಡದ ಕಲೆಕ್ಟರ್ ಥ್ಯಾಕರೆ ಆ ದತ್ತಕವನ್ನು ಒಪ್ಪಲಿಲ್ಲ. ಅಕ್ಟೋಬರ್ 23ರಂದು ಕಿತ್ತೂರಿನಲ್ಲೇ ನಡೆದ ಕಾಳಗದಲ್ಲಿ ಥ್ಯಾಕರೆ ಸತ್ತ; ಡಿಸೆಂಬರಿನಲ್ಲಿ ಕೋಟೆ ಬಿತ್ತು. ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡಳು. ಶಿವಲಿಂಗಪ್ಪನನ್ನು ಗಾದಿಗೆ ತರಬೇಕೆಂದು ಮತ್ತೆ ದಂಡು ಕಟ್ಟಿದ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. ಹುಡುಗನನ್ನೂ ಕಂಪನಿಯವರು ಹಿಡಿದರು.

ಒಂದು ದಿನವೂ ಆಳದವನಿಗೆ ಚರಿತ್ರೆಯಲ್ಲಿ ಜಾಗ ಏಕೆ ಎನ್ನುವವರಿದ್ದಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಕಿತ್ತೂರಿನಲ್ಲಿ ಎದ್ದದ್ದು ಆಳುವ ಯೋಗ್ಯತೆಯ ಪ್ರಶ್ನೆಯಲ್ಲ. ಯಾರು ಯಾರ ಮಗ ಎಂದು ಹೇಳುವವರು ಯಾರು ಎಂಬ ಪ್ರಶ್ನೆ. ನಮ್ಮ ಕಡೆ ಬೀಗರು, ಹಿರಿಯರು ಕುಳಿತು ಕೂಸನ್ನು ತಾಯಿಯ ಉಡಿಗೆ ಹಾಕಿ ಸಕ್ಕರೆ ಹಂಚಿದರೆ ಅವನು ಆ ಮನೆಯ ಮಗ. ತಂದೆಗೆ ಮಣ್ಣು ಕೊಡುವವನು ಅವನೇ, ಹೊಲದ ಉತಾರದಲ್ಲಿ ಏರುವ ಹೆಸರೂ ಅವನದೇ. ನಮ್ಮ ಒಪ್ಪಿಗೆಯಿಲ್ಲದೆ ಅವನು ವಾರಸುದಾರನಲ್ಲ ಎಂದಿತು ಕಂಪನಿ. ಗವರ್ನರ್ ಜನರಲ್ ಡಾಲ್‌ಹೌಸಿ ಸಾತಾರೆಯನ್ನೂ ಝಾನ್ಸಿಯನ್ನೂ ಇದೇ ಮಾತು ಹೇಳಿ ನುಂಗುವುದಕ್ಕೆ ಇನ್ನೂ ಎರಡು ದಶಕಕ್ಕೂ ಹೆಚ್ಚು ಕಾಲ ಬಾಕಿಯಿತ್ತು. ಹುಡುಗನನ್ನು ಬಿಟ್ಟು ಈ ಕಥೆ ಹೇಳಿದರೆ ಕತ್ತಿ ಉಳಿಯುತ್ತದೆ, ಕತ್ತಿ ಎತ್ತಿದ ಕಾರಣ ಉಳಿಯುವುದಿಲ್ಲ.

ಫ್ರಾನ್ಸಿನಲ್ಲೂ ಇಂಥ ಒಬ್ಬ ಹುಡುಗನಿದ್ದ. 1793ರಲ್ಲಿ ತಂದೆ ಹದಿನಾರನೆಯ ಲೂಯಿಯ ತಲೆ ಕಡಿದ ಮೇಲೆ ಅರಸೊತ್ತಿಗೆಯ ಕಡೆಯವರು ಇವನನ್ನೇ ದೊರೆ ಎಂದರು. ಅವನಿದ್ದದ್ದು ಟೆಂಪಲ್ ಸೆರೆಮನೆಯಲ್ಲಿ. 1795ರ ಜೂನ್ 8ರಂದು ಹತ್ತು ವರ್ಷದ ಮಗುವಾಗಿ ಅಲ್ಲೇ ಸತ್ತ. ಮುಂದೆ ಪಟ್ಟಕ್ಕೆ ಬಂದ ಚಿಕ್ಕಪ್ಪ ಹದಿನೆಂಟನೆಯ ಲೂಯಿ ಎನಿಸಿಕೊಂಡ. ಹದಿನೇಳರ ಅಂಕಿಯನ್ನು ಆಳದೆ ಹೋದ ಆ ಮಗುವಿಗೇ ಬಿಟ್ಟರು.

ನಾವು ಅಷ್ಟನ್ನಾದರೂ ಮಾಡೋಣ. ಬರುವ ಅಕ್ಟೋಬರ್ 23ರಂದು ಮಕ್ಕಳಿಗೆ ಕಿತ್ತೂರಿನ ಕಥೆ ಹೇಳುವಾಗ ಶಿವಲಿಂಗಪ್ಪನ ಹೆಸರನ್ನೂ ಹೇಳಿ.