ಅಂಗೈ ಖಾಲಿ ಇಟ್ಟುಕೊಂಡ ಭಕ್ತರು

ಲಿಂಗಾಯತ ಮನೆಯಲ್ಲಿ ಹುಟ್ಟಿಯೂ ಇಷ್ಟಲಿಂಗ ಹಿಡಿದು ದಿನಕ್ಕೆ ಹತ್ತು ನಿಮಿಷ ಕೂರದವರು ಬಸವಣ್ಣನ ಹೆಸರಲ್ಲಿ ಎದೆಯುಬ್ಬಿಸುವುದನ್ನು ಇನ್ನಾದರೂ ನಿಲ್ಲಿಸಬೇಕು. 2015ರಲ್ಲಿ ಲಂಡನ್ನಿನ ಥೇಮ್ಸ್ ದಂಡೆಯಲ್ಲಿ ಅವನ ಪುತ್ಥಳಿ ಅನಾವರಣವಾಯಿತು, ಹೆಮ್ಮೆಪಟ್ಟೆವು. 2024ರಲ್ಲಿ ಕರ್ನಾಟಕ ಸರ್ಕಾರ ಅವನನ್ನು ಸಾಂಸ್ಕೃತಿಕ ನಾಯಕನೆಂದು ಘೋಷಿಸಿತು, ಸ್ಟೇಟಸ್ ಹಾಕಿಕೊಂಡೆವು. ಬಸವಕಲ್ಯಾಣದ 108 ಅಡಿ ಮೂರ್ತಿಯ ಕೆಳಗೆ ನಿಂತು ಫೋಟೊ ತೆಗೆಸಿಕೊಂಡೆವು. ಅವನು ಅಂಗೈಗೆ ಕೊಟ್ಟದ್ದು ಮಾತ್ರ ಬೀರುವಿನಲ್ಲಿ, ಒಡವೆಗಳ ಪಕ್ಕ, ಬೆಳ್ಳಿ ಕರಡಿಗೆಯೊಳಗೆ ಬಿದ್ದಿದೆ.

ಗುಡಿಯ ಹೊಸ್ತಿಲು ತುಳಿಯಲು ಬಿಡದಿದ್ದ ಜನರ ಕೈಗೇ ಹನ್ನೆರಡನೆಯ ಶತಮಾನದಲ್ಲಿ ದೇವರು ಬಂದ. ನಡುವೆ ಪೂಜಾರಿಯಿಲ್ಲ, ದಲ್ಲಾಳಿಯಿಲ್ಲ. ಅಷ್ಟು ಕಷ್ಟಪಟ್ಟು ಪಡೆದ ಹಕ್ಕನ್ನು ನಾವು ಯಾರೂ ಕೇಳದೆಯೇ ಬಿಟ್ಟುಕೊಟ್ಟೆವು. ಪೂಜೆ ಸ್ವಾಮಿಗಳು ಮಾಡಲಿ, ಪಾದೋದಕ ತಗೊಂಡು ಬಂದರಾಯಿತು ಎನ್ನುತ್ತೇವೆ. ಶ್ರಾವಣದಲ್ಲಿ ಒಂದು ದಿನ ಮಠದ ಸಾಮೂಹಿಕ ಪೂಜೆಯಲ್ಲಿ ಕೂತರೆ ವರ್ಷದ ಲೆಕ್ಕ ಚುಕ್ತಾ.

ಸಾವಿನ ಮನೆಯಲ್ಲಿ ಇದು ಬಯಲಾಗುತ್ತದೆ. ಶವವನ್ನು ಕೂರಿಸಿ, ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗ ಇಡಬೇಕು ಎನ್ನುವಾಗ ಒಳಗೆ ಗಡಿಬಿಡಿ. "ಅಪ್ಪಾರ ಲಿಂಗ ಎಲ್ಲೈತಿ?" ಮಗ ಟ್ರಂಕು ಕೆದಕುತ್ತಾನೆ, ಸೊಸೆ ದೇವರ ಜಗಲಿಯ ಡಬ್ಬಿಗಳನ್ನೆಲ್ಲ ಬಿಚ್ಚುತ್ತಾಳೆ. ಕಡೆಗೆ ಶಿವದಾರ ಹರಿದ, ವಿಭೂತಿ ಕಾಣದೆ ವರ್ಷಗಳಾದ ಲಿಂಗವೊಂದು ಸಿಗುತ್ತದೆ. ಬದುಕಿದ್ದಾಗ ಅದು ಎಲ್ಲಿದೆ ಎಂದು ಯಾರೂ ಕೇಳಿರಲಿಲ್ಲ, ಇಟ್ಟುಕೊಂಡವರೂ ಸೇರಿ.

ಟೈಮಿಲ್ಲ ಎನ್ನುವವರಿಗೆ ನಾಚಿಕೆಯಾಗಬೇಕು. ಬಸವಣ್ಣ ಅರಸ ಬಿಜ್ಜಳನ ಭಂಡಾರ ನೋಡಿಕೊಳ್ಳುತ್ತಿದ್ದವನು. ಶರಣ ದಾಸಿಮಯ್ಯ ಮಗ್ಗದ ಮುಂದೆ ಕೂತವನು, ಶರಣೆ ಲಕ್ಕಮ್ಮನದು ಅಕ್ಕಿ ಆಯುವ ಮನೆ. ಅವರಿಗೆಲ್ಲ ಪೂಜೆಗೆ ಟೈಮಿತ್ತು. ಇನ್ನು ಕೆಲವರದು ಹೆಚ್ಚು ಜಾಣ ನೆಪ: ಕಾಯಕ ಮಾಡುತ್ತೇವಲ್ಲ, ಬೇರೆ ಪೂಜೆ ಯಾಕೆ? ಇವರು ಶರಣ ನುಲಿಯ ಚಂದಯ್ಯನ ಕಥೆ ಎತ್ತುತ್ತಾರೆ. ಹುಲ್ಲು ಕೊಯ್ಯುವಾಗ ಲಿಂಗ ಕಳಚಿ ಬಿತ್ತು, ಚಂದಯ್ಯ ತಿರುಗಿ ನೋಡದೆ ಹೊರೆ ಕಟ್ಟಿಕೊಂಡು ನಡೆದ, ಲಿಂಗವೇ ಬೆನ್ನು ಹತ್ತಿತು. ನಿಜ. ಆದರೆ ಅದು ಹಗಲೂ ರಾತ್ರಿ ಒಂದೇ ಮನೆಯಲ್ಲಿ ಬಾಳಿದವರ ಜಗಳ. ಚಂದಯ್ಯನಿಗೆ ದೇವರ ಮೇಲೆ ಮುನಿಸಿಕೊಳ್ಳುವಷ್ಟು ಸಲಿಗೆ ಇತ್ತು. ಮಾತೇ ಆಡದವರಿಗೆ ಎಲ್ಲಿಯ ಮುನಿಸು? ಮೇಲಾಗಿ ನಿಮ್ಮ ಕಾಯಕದಲ್ಲಿ ಎಷ್ಟು ಕಾಯಕ, ಎಷ್ಟು ಕಮಿಷನ್ ಎಂಬುದು ನಿಮಗೇ ಗೊತ್ತು.

ಕೂಡಲಸಂಗಮದೇವ, ಚೆನ್ನಮಲ್ಲಿಕಾರ್ಜುನ, ಗುಹೇಶ್ವರ, ರಾಮನಾಥ: ಶರಣರು ತಮ್ಮ ತಮ್ಮ ದೇವರನ್ನು ತಾವೇ ಹೆಸರು ಹಿಡಿದು ಕರೆದರು. ಬೇಡಿದರು, ಬೈದರು, ತಮ್ಮೊಳಗಿನ ಹೊಲಸನ್ನು ಅವನ ಮುಂದೆ ಸುರಿದರು. ನಾವೋ, ಭಾಷಣಕ್ಕೆ ನಾಲ್ಕು ವಚನ ಬಾಯಿಪಾಠ ಮಾಡಿಕೊಂಡಿದ್ದೇವೆ. ದೇವರ ಮುಂದೆ ಬಾಯಿ ತೆರೆದರೆ ಮಗಳ ಸೀಟು, ಸೈಟಿನ ಕೇಸು, ಸೊಂಟನೋವು. ಕೇಳಬಾರದೆಂದಲ್ಲ. ಅದೊಂದೇ ಮಾತಾದರೆ ಸಂಬಂಧ ಎಲ್ಲಿ ಉಳಿಯಿತು?

ನಾಳೆ ಸ್ನಾನವಾದ ಮೇಲೆ ಕರಡಿಗೆ ಬಿಚ್ಚಿ. ವಿಭೂತಿ ಧರಿಸಿ, ಲಿಂಗವನ್ನು ಎಡ ಅಂಗೈಯಲ್ಲಿಟ್ಟು, ಅದರ ಕಪ್ಪು ಲೇಪವಾದ ಕಂತಿಯ ಮೇಲೆ ಹೊಳೆಯುವ ಬೆಳಕಿನ ಚುಕ್ಕೆಯಲ್ಲಿ ಕಣ್ಣಿಡಿ. ಒಂದು ನಿಮಿಷದೊಳಗೆ ಮನಸ್ಸು ಎದ್ದು ಆಫೀಸಿಗೋ ಕೋರ್ಟಿಗೋ ಓಡುತ್ತದೆ. ಎಲ್ಲಿಗೆ ಓಡಿತೋ ಅದನ್ನೇ ಅಂಗೈಯ ದೇವರಿಗೆ ಹೇಳಿ. ಅಣ್ಣನ ಪಾಲಿನ ಹೊಲ ಒತ್ತಿದ್ದರೆ, ಒತ್ತಿದ್ದೇನೆ ಎಂದು ಬಾಯಿಬಿಟ್ಟು ಹೇಳಿ. ಹೇಳಿದ ಮೇಲೆ ಎದ್ದು, ಅಂದೇ ಅಣ್ಣನ ಮನೆಗೆ ಹೋಗಿ.