ಎಸಿಯ ಅಂಕೆ ಯಾರ ಕೈಯಲ್ಲಿರಬೇಕು?

ಬಿಕರ್ನಕಟ್ಟೆಯ ಬಾಲಯೇಸು ಪುಣ್ಯಕ್ಷೇತ್ರದ ಜನವರಿ ಉತ್ಸವ ಮುಗಿದು ತಿಂಗಳು ಕಳೆಯುವಷ್ಟರಲ್ಲಿ ಮಂಗಳೂರಿನಲ್ಲಿ ಸೆಕೆ ಶುರುವಾಗುತ್ತದೆ. ಮಳೆ ಹಿಡಿಯುವವರೆಗೆ ಅದಕ್ಕೆ ಬಿಡುವಿಲ್ಲ. ಒಂದು ಕಾಲಕ್ಕೆ ಶ್ರೀಮಂತರ ಮನೆಗಷ್ಟೇ ಮೀಸಲಾಗಿದ್ದ ಎಸಿ ಈಗ ಮಧ್ಯಮ ವರ್ಗದ ಮನೆಯ ಒಂದು ಕೋಣೆಗಾದರೂ ಬಂದಿದೆ. ಈಚೆಗೆ ಬರುತ್ತಿರುವುದು ವೈ-ಫೈ ಇರುವ ‘ಸ್ಮಾರ್ಟ್’ ಎಸಿ. ದುಬೈಯಲ್ಲೋ ಬೆಂಗಳೂರಿನಲ್ಲೋ ಇರುವ ಮಗ ತನ್ನ ಮೊಬೈಲಿನಿಂದಲೇ ಇಲ್ಲಿರುವ ತಾಯಿಯ ಕೋಣೆಯನ್ನು ತಂಪು ಮಾಡಬಹುದು. ಇದು ಒಳ್ಳೆಯದೇ? ಈ ವಾರ ಇದರ ಬಗ್ಗೆ ನನ್ನ ಅಭಿಪ್ರಾಯ ಹೇಳುತ್ತೇನೆ.

ಥರ್ಮೋಸ್ಟಾಟ್ ಎಂದರೆ ಕೋಣೆಯ ಉಷ್ಣಾಂಶವನ್ನು ಅಳೆದು, ನಾವು ಹೇಳಿದ ಮಟ್ಟಕ್ಕೆ ಬಂದೊಡನೆ ಯಂತ್ರವನ್ನು ನಿಲ್ಲಿಸುವ ಅಥವಾ ನಿಧಾನಗೊಳಿಸುವ ಸಾಧನ. ಚಳಿ ದೇಶಗಳಲ್ಲಿ ಅದು ಗೋಡೆಯ ಮೇಲಿದ್ದು ಮನೆಯನ್ನು ಬೆಚ್ಚಗಿಡುತ್ತದೆ. ನಮ್ಮಲ್ಲಿ ಅದು ಎಸಿಯ ಒಳಗಿದೆ. ಅದರ ಅಂಕೆ ನಮ್ಮ ಕೈಯ ರಿಮೋಟಿನಲ್ಲಿದೆ. ನಮ್ಮ ದೇಹದಲ್ಲೂ ಇಂಥದೇ ಒಂದು ವ್ಯವಸ್ಥೆ ಇದೆ. ಮೆದುಳಿನ ಹೈಪೊಥಲಾಮಸ್ ಎಂಬ ಪುಟ್ಟ ಭಾಗ ದೇಹದ ಉಷ್ಣತೆಯನ್ನು 37 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕಾಯುತ್ತದೆ. ಬಿಸಿ ಏರಿದರೆ ಬೆವರಿಸುತ್ತದೆ, ಇಳಿದರೆ ನಡುಗಿಸುತ್ತದೆ.

ಬೆವರು ಹರಿದರೆ ಸಾಲದು, ಆರಬೇಕು. ಆರುವಾಗಲೇ ಅದು ಮೈಯ ಶಾಖವನ್ನು ಒಯ್ಯುವುದು. ಕರಾವಳಿಯ ಗಾಳಿಯಲ್ಲಿ ತೇವಾಂಶ ಹೆಚ್ಚು, ಆದ್ದರಿಂದ ಬೆವರು ಆರದೆ ತೊಟ್ಟಿಕ್ಕುತ್ತದೆ. ಕಲಬುರಗಿಯ 40 ಡಿಗ್ರಿಗಿಂತ ಮಂಗಳೂರಿನ 34 ಡಿಗ್ರಿ ಕೆಲವೊಮ್ಮೆ ಹೆಚ್ಚು ಹಿಂಸೆ ಎನಿಸುವುದು ಇದಕ್ಕೇ. ಕರಾವಳಿಯಲ್ಲಿ ಗರಿಷ್ಠ ಉಷ್ಣಾಂಶ 37 ಡಿಗ್ರಿ ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿ ಹೆಚ್ಚಿದ್ದರೆ ಹವಾಮಾನ ಇಲಾಖೆ ಅದನ್ನು ಉಷ್ಣ ಅಲೆಯೆಂದು ಪರಿಗಣಿಸುತ್ತದೆ. 2025ರ ಫೆಬ್ರವರಿ ಕೊನೆಯಲ್ಲೇ ಕರಾವಳಿ ಕರ್ನಾಟಕಕ್ಕೆ ಇಂಥ ಎಚ್ಚರಿಕೆ ಬಂದಿತ್ತು. ಆದ್ದರಿಂದ ‘ಎಸಿ ಬರೀ ಶೋಕಿ’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಎಪ್ಪತ್ತು ದಾಟಿದವರಿಗೆ, ಹೃದಯ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರಿಗೆ ಬೇಸಿಗೆಯ ಕೆಲವು ದಿನಗಳಲ್ಲಿ ತಂಪಾದ ಒಂದು ಕೋಣೆ ಔಷಧದಷ್ಟೇ ಅಗತ್ಯ.

ತೊಂದರೆ ಇರುವುದು ಎಸಿಯಲ್ಲಲ್ಲ, ಅದರ ಅಂಕೆಯಲ್ಲಿ. ಹೊರಗಿನಿಂದ ಬೆವರುತ್ತಾ ಬಂದವರು 18ಕ್ಕೆ ಒತ್ತುತ್ತಾರೆ, ಬೇಗ ತಂಪಾಗಲಿ ಎಂದು. ಇದು ತಪ್ಪು ಕಲ್ಪನೆ. 18ಕ್ಕಿಟ್ಟರೂ 26ಕ್ಕಿಟ್ಟರೂ ಆರಂಭದಲ್ಲಿ ಯಂತ್ರ ದುಡಿಯುವುದು ಹೆಚ್ಚುಕಡಿಮೆ ಒಂದೇ ವೇಗದಲ್ಲಿ. 18ಕ್ಕಿಟ್ಟರೆ ಅದು ನಿಲ್ಲದೆ ಓಡುತ್ತದೆ, ಅಷ್ಟೆ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ವಸತಿ ಮತ್ತು ಆರೋಗ್ಯದ ಕುರಿತು ಪ್ರಕಟಿಸಿದ ಮಾರ್ಗಸೂಚಿಯಲ್ಲಿ, ಚಳಿಗಾಲದಲ್ಲಿ ಮನೆಯೊಳಗಿನ ಉಷ್ಣಾಂಶ 18 ಡಿಗ್ರಿಗಿಂತ ಕೆಳಗಿಳಿಯಬಾರದು ಎಂದಿದೆ. ಚಳಿ ದೇಶದವರು ಯಾವ ಗೆರೆಯ ಕೆಳಗೆ ಜಾರಬಾರದೆಂದು ಹಣ ಸುರಿಯುತ್ತಾರೋ, ಆ ಗೆರೆಯನ್ನು ಮುಟ್ಟಲು ನಾವು ಮೆಸ್ಕಾಂಗೆ ಹಣ ಕಟ್ಟುತ್ತಿದ್ದೇವೆ!

ಸರ್ಕಾರವೂ ಇದನ್ನು ಗಮನಿಸಿದೆ. 2020ರ ಜನವರಿ 1ರಿಂದ ಸ್ಟಾರ್ ಗುರುತಿನ ಎಸಿಗಳು ಕಾರ್ಖಾನೆಯಿಂದಲೇ 24 ಡಿಗ್ರಿಗೆ ಹೊಂದಿಸಿ ಬರಬೇಕೆಂಬ ನಿಯಮವಾಯಿತು. ಅಂಕೆಯನ್ನು ಒಂದು ಡಿಗ್ರಿ ಏರಿಸಿದರೆ ಸುಮಾರು ಶೇಕಡಾ 6ರಷ್ಟು ವಿದ್ಯುತ್ ಉಳಿಯುತ್ತದೆಂದು ಇಂಧನ ದಕ್ಷತಾ ಬ್ಯೂರೋ ಹೇಳುತ್ತದೆ. ಎಸಿಗಳ ವ್ಯಾಪ್ತಿಯನ್ನು 20ರಿಂದ 28 ಡಿಗ್ರಿಗೆ ಮಿತಗೊಳಿಸುವ ಮಾತು 2025ರ ಜೂನ್‌ನಲ್ಲಿ ಕೇಂದ್ರ ವಿದ್ಯುತ್ ಸಚಿವರಿಂದ ಬಂದಾಗ ಹಲವರು ಸಿಟ್ಟಾದರು. ವೈದ್ಯನಾಗಿ ನನಗೆ ಅದರಲ್ಲಿ ಸಿಟ್ಟಾಗುವಂಥದ್ದೇನೂ ಕಾಣಲಿಲ್ಲ. ನಮ್ಮ ಊರಿಗೆ 26 ಡಿಗ್ರಿ, ಜೊತೆಗೆ ನಿಧಾನವಾಗಿ ತಿರುಗುವ ಫ್ಯಾನು ಸಾಕು. ಗಾಳಿಯ ಚಲನೆಯಿಂದಲೇ ಮೈಗೆ ಎರಡು-ಮೂರು ಡಿಗ್ರಿ ಕಡಿಮೆಯಾದಂತೆ ಅನಿಸುತ್ತದೆ.

ಇನ್ನು ದೂರದ ಮಗನ ವಿಚಾರ. ಮುದಿಪ್ರಾಯದಲ್ಲಿ ದೇಹದ ಥರ್ಮೋಸ್ಟಾಟ್ ಮಂಕಾಗುತ್ತದೆ. ಬೆವರು ಕಡಿಮೆ, ಬಾಯಾರಿಕೆ ಕಡಿಮೆ, ಬಿಸಿ-ತಂಪಿನ ಅರಿವೂ ಕಡಿಮೆ. ದೀರ್ಘಕಾಲದ ಸಕ್ಕರೆ ಕಾಯಿಲೆಯಿಂದ ನರಗಳು ದುರ್ಬಲವಾಗಿದ್ದರೆ ಇನ್ನೂ ಕಷ್ಟ. ರಕ್ತದೊತ್ತಡಕ್ಕೆ ಕೊಡುವ, ಮೂತ್ರ ಹೆಚ್ಚಿಸುವ ಮಾತ್ರೆಗಳು, ಕೆಲವು ಮನೋರೋಗದ ಔಷಧಗಳು ಸೆಕೆಯನ್ನು ತಾಳುವ ಶಕ್ತಿಯನ್ನು ತಗ್ಗಿಸುತ್ತವೆ. (ಹಾಗೆಂದು ಅವುಗಳನ್ನು ನೀವಾಗಿಯೇ ನಿಲ್ಲಿಸಬೇಡಿ, ನಿಮ್ಮ ವೈದ್ಯರನ್ನು ಕೇಳಿ.) ಇದರ ಮೇಲೆ ಕರೆಂಟ್ ಬಿಲ್ಲಿನ ಭಯ. ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ ಮೀರಿದರೆ ಪೂರ್ತಿ ಬಿಲ್ಲು ಕಟ್ಟಬೇಕೆಂದು ಅಮ್ಮನಿಗೆ ಗೊತ್ತು. ಮಗ ಹಾಕಿಸಿಕೊಟ್ಟ ಎಸಿಯನ್ನು ಆಕೆ ಆರಿಸಿ, ಬೀಸಣಿಗೆ ಹಿಡಿದು ಕೂರುತ್ತಾಳೆ. ಫೋನಿನಲ್ಲಿ ಮಾತ್ರ ‘ಎಸಿ ಹಾಕಿದ್ದೇನೆ ಮಗಾ’ ಎನ್ನುತ್ತಾಳೆ.

ಇಂಥ ಮನೆಗೆ ಸ್ಮಾರ್ಟ್ ಎಸಿ ನಿಜಕ್ಕೂ ಉಪಕಾರಿ. ಕೋಣೆ 32 ಡಿಗ್ರಿಗೆ ಏರಿದೆ ಎಂದು ಮೊಬೈಲ್ ತಿಳಿಸಿದರೆ ಮಗ ಒಂದು ಫೋನ್ ಮಾಡಬಹುದು, ನೆರೆಯವರನ್ನು ಕಳಿಸಬಹುದು. ಆದರೆ ಕೆಲವು ಮನೆಗಳಲ್ಲಿ ಆಗುವುದು ಇದರ ತಿರುವುಮುರುವು. ಮಗ ತನಗೆ ಹಿತವಾದ 22ಕ್ಕೆ ಅಲ್ಲಿಂದಲೇ ಇಡುತ್ತಾನೆ. ಇಲ್ಲಿ ಅಮ್ಮ ನಡುರಾತ್ರಿ ಎದ್ದು ಹೊದಿಕೆ ಹುಡುಕುತ್ತಾಳೆ, ರಿಮೋಟಿನ ಗುಂಡಿ ಯಾವುದೆಂದು ತಿಳಿಯದು. ಬೆಳಿಗ್ಗೆ ಗಂಟು ನೋವು, ಒಣಕೆಮ್ಮು ಎಂದು ಚಿಕಿತ್ಸಾಲಯಕ್ಕೆ ಬರುತ್ತಾಳೆ. ನನ್ನ ಅಭಿಪ್ರಾಯ ಇಷ್ಟೇ: ದೂರದಲ್ಲಿರುವವರಿಗೆ ಸುದ್ದಿ ಹೋಗಲಿ, ಅಪ್ಪಣೆ ಅಲ್ಲಿಂದ ಬರುವುದು ಬೇಡ. ಕೋಣೆಯಲ್ಲಿ ಮಲಗುವವರೇ ಅಂಕೆಯನ್ನು ನಿರ್ಧರಿಸಲಿ. ಬಿಲ್ಲನ್ನು ಮಗ ಕಟ್ಟುವುದೇ ಆದರೆ, ಅದನ್ನು ಮೊದಲೇ ಬಾಯಿಬಿಟ್ಟು ಹೇಳಿಬಿಡಲಿ. ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ.

ಹೊಸ ಎಸಿ ಹಾಕಿಸುವವರು ಈ ಕೆಲವು ವಿಷಯಗಳನ್ನು ನೆನಪಿಡಿ. ಗಾಳಿ ನೇರವಾಗಿ ಹಾಸಿಗೆಯ ಮೇಲೆ, ಅದರಲ್ಲೂ ಹಸುಗೂಸಿನ ಮೇಲೆ ಬೀಳದಂತೆ ಜಾಗ ಆರಿಸಿ. ಕೋಣೆಗಿಂತ ದೊಡ್ಡ ಎಸಿ ಬೇಡ. ಅದು ಬೇಗ ತಂಪು ಮಾಡಿ ನಿಲ್ಲುತ್ತದೆ, ತೇವ ಹಾಗೆಯೇ ಉಳಿಯುತ್ತದೆ. ರಿಮೋಟಿನಲ್ಲೇ ಉಷ್ಣಾಂಶ ಅಳೆಯುವ ಸೌಲಭ್ಯವಿದ್ದರೆ ಅದನ್ನು ಹಾಸಿಗೆಯ ಪಕ್ಕದಲ್ಲಿಡಿ, ದಿಂಬಿನಡಿಯಲ್ಲಲ್ಲ. ಬೆಳಗಿನ ಜಾವ ದೇಹದ ಉಷ್ಣತೆ ತಾನಾಗಿಯೇ ಇಳಿಯುವುದರಿಂದ, ರಾತ್ರಿ 2 ಗಂಟೆಯ ನಂತರ 27ಕ್ಕೆ ಏರುವಂತೆ ವೇಳಾಪಟ್ಟಿ ಹೊಂದಿಸಿ. ಕರೆಂಟ್ ಹೋಗಿ ಬಂದಾಗ ಎಸಿ ತಾನಾಗಿ ಶುರುವಾಗುತ್ತದೆಯೇ ನೋಡಿ. ವೈ-ಫೈ ಆರಿಸಿ, ರಿಮೋಟಿನಿಂದಲೇ ಅದನ್ನು ನಡೆಸಲು ಮನೆಯ ಹಿರಿಯರಿಗೆ ಬರುತ್ತದೆಯೇ ಎಂದು ಮೆಕ್ಯಾನಿಕ್ ಹೊರಡುವ ಮೊದಲೇ ಪರೀಕ್ಷಿಸಿ. ಬೇಕಾದ ಎರಡು ಗುಂಡಿಗಳ ಪಕ್ಕ ಬಣ್ಣದ ಚೀಟಿ ಅಂಟಿಸಿ.

ಎಸಿಯ ಗಾಳಿಯಿಂದ ಶೀತ ಹುಟ್ಟುವುದಿಲ್ಲ. ಶೀತ ಹುಟ್ಟುವುದು ವೈರಸ್‌ನಿಂದ. ಆದರೆ ಸಾಮಾನ್ಯ ಸ್ಪ್ಲಿಟ್ ಎಸಿ ಹೊರಗಿನ ಹೊಸ ಗಾಳಿಯನ್ನು ತರುವುದಿಲ್ಲ, ಒಳಗಿನದನ್ನೇ ಸುತ್ತಿಸುತ್ತದೆ. ಒಬ್ಬರಿಗೆ ಶೀತವಾದರೆ ಮುಚ್ಚಿದ ಕೋಣೆಯಲ್ಲಿ ಎಲ್ಲರಿಗೂ ಹರಡುವುದು ಸುಲಭ. ಬೆಳಿಗ್ಗೆ ಸಂಜೆ ಹತ್ತು ಹದಿನೈದು ನಿಮಿಷ ಕಿಟಕಿ ತೆರೆಯಿರಿ. ಎರಡು ವಾರಕ್ಕೊಮ್ಮೆ ಫಿಲ್ಟರ್ ತೊಳೆಯಿರಿ. ಮಳೆಗಾಲದಲ್ಲಿ ಗೋಡೆಗೆ ಬೂಷ್ಟು ಹಿಡಿದರೆ ಅಸ್ತಮಾ ಕೆರಳುತ್ತದೆ, ಆಗ ‘ಡ್ರೈ’ ಎಂಬ ಗುಂಡಿ ಉಪಯೋಗಕ್ಕೆ ಬರುತ್ತದೆ. ಮುಚ್ಚಿದ ಎಸಿ ಕೋಣೆಯಲ್ಲಿ ಸೊಳ್ಳೆಬತ್ತಿ ಹಚ್ಚುವುದು ಮಾತ್ರ ಖಂಡಿತ ಬೇಡ. ಮಲೇರಿಯಾದ ಭಯವಿದ್ದರೆ ಸೊಳ್ಳೆಪರದೆ ಕಟ್ಟಿ.

ಸೆಕೆಯಲ್ಲಿ ವೃದ್ಧರೊಬ್ಬರ ಮಾತು ತೊದಲಿದರೆ, ಗೊಂದಲ ಕಂಡರೆ, ಮೈ ಸುಡುತ್ತಿದ್ದರೆ ಎಸಿ ಹಾಕಿ ಕಾಯುತ್ತಾ ಕೂರಬೇಡಿ. ಮೈಗೆ ನೀರು ಹಾಕಿ ಗಾಳಿ ಬೀಸುತ್ತಾ 108ಕ್ಕೆ ಕರೆ ಮಾಡಿ. ಯಂತ್ರ ಎಷ್ಟೇ ಜಾಣನಾದರೂ ಅದು ಅಳೆಯುವುದು ಕೋಣೆಯ ಬಿಸಿಯನ್ನು. ಮೈ ಮುಟ್ಟಿ ನೋಡಲು ಮನೆಯವರೇ ಬೇಕು. ದಿನಕ್ಕೊಮ್ಮೆಯಾದರೂ ಹಿರಿಯರ ಕೋಣೆಗೆ ಹೋಗಿ ಹತ್ತು ನಿಮಿಷ ಕುಳಿತುಬನ್ನಿ.