ಬಿಟ್ಟಿ ಚಾಕರಿಗೆ ಹೊಸ ಹೆಸರು

ಸಂಬಳ ಕೊಡದೆ ದುಡಿಸಿಕೊಳ್ಳುವುದಕ್ಕೆ ನಮ್ಮ ಹಿರಿಯರು ಇಟ್ಟಿದ್ದ ಹೆಸರು ಬಿಟ್ಟಿ. ಪಾಳೆಯಗಾರರ ಕಾಲದಲ್ಲಿ ಬಿಟ್ಟಿಗೆ ಹೋಗುತ್ತಿದ್ದವನು ಬಡವ. ಇಂದು ದೆಹಲಿಯಲ್ಲಿ ಬೇರೊಂದು ಬಗೆಯ ಬಿಟ್ಟಿ ನಡೆಯುತ್ತಿದೆ. ಅದಕ್ಕೆ ಹೋಗಬೇಕಾದರೆ ಅಪ್ಪ ಹಣವಂತನಾಗಿರಬೇಕು! ಅದರ ಹೆಸರು ಇಂಟರ್ನ್‌ಶಿಪ್.

ಸಂಗತಿ ಇದು. ದೇಶದ ವಿದೇಶಾಂಗ ನೀತಿಯನ್ನು ಅಭ್ಯಾಸ ಮಾಡಿ, ವರದಿ ಬರೆದು, ಮಂತ್ರಿಗಳಿಗೂ ಅಧಿಕಾರಿಗಳಿಗೂ ಸಲಹೆ ಕೊಡುವ ಸಂಸ್ಥೆಗಳು ದೆಹಲಿಯಲ್ಲಿ ಅನೇಕವಿವೆ. ಇವನ್ನು ಚಿಂತಕರ ಚಾವಡಿ ಎನ್ನುತ್ತಾರೆ. 1943ರಲ್ಲಿ ಸ್ಥಾಪನೆಯಾಗಿ ಸಪ್ರೂ ಹೌಸಿನಲ್ಲಿ ನೆಲೆಸಿರುವ ವಿಶ್ವ ವ್ಯವಹಾರಗಳ ಭಾರತೀಯ ಪರಿಷತ್ತು ಇವುಗಳಲ್ಲಿ ಹಳೆಯದು. 2001ರಲ್ಲಿ ಪಾರ್ಲಿಮೆಂಟು ಕಾಯಿದೆ ಮಾಡಿ ಅದನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆ ಎಂದು ಸಾರಿತು. 1965ರಲ್ಲಿ ರಕ್ಷಣಾ ಅಧ್ಯಯನ ಸಂಸ್ಥೆ ಬಂತು. ಆಮೇಲೆ ದೊಡ್ಡ ಬಂಡವಾಳಗಾರರ ಹಣದಿಂದ ನಡೆಯುವ ಸಂಸ್ಥೆಗಳೂ ತಲೆಯೆತ್ತಿದವು.

ಇಂಥ ಚಾವಡಿಗಳು ಕಾಲೇಜು ವಿದ್ಯಾರ್ಥಿಗಳನ್ನು ಕೆಲವು ತಿಂಗಳ ಮಟ್ಟಿಗೆ ಸೇರಿಸಿಕೊಳ್ಳುತ್ತವೆ. ಅವರು ಪತ್ರಿಕೆ ಓದಿ ಸಾರಾಂಶ ಬರೆಯಬೇಕು, ಅಂಕಿಅಂಶ ಹುಡುಕಬೇಕು, ಸಭೆಯ ನಡವಳಿ ಬರೆದಿಡಬೇಕು, ಪಂಡಿತರ ಪ್ರಬಂಧಕ್ಕೆ ಅಡಿಟಿಪ್ಪಣಿ ಜೋಡಿಸಬೇಕು. ಕೆಲವು ಕಡೆ ಅಲ್ಪಸ್ವಲ್ಪ ಭತ್ಯೆ ಉಂಟು. ಅನೇಕ ಕಡೆ ಒಂದು ಕಾಸೂ ಇಲ್ಲ. ಕೊನೆಯಲ್ಲಿ ಕೈಗೆ ಬರುವುದು ಒಂದು ಸರ್ಟಿಫಿಕೇಟು. ಆ ಕಾಗದವನ್ನು ಹಗುರವಾಗಿ ಎಣಿಸಬೇಡಿ. ಮುಂದೆ ಆ ಕ್ಷೇತ್ರದಲ್ಲಿ ಕೆಲಸ ಕೇಳಲು ಹೋದರೆ ಮೊದಲು ಕೇಳುವುದು ಅದನ್ನೇ. ಹಳೆಯ ಕಚೇರಿಗಳಲ್ಲಿ ಉಮೇದುವಾರರು ಎಂಬವರಿದ್ದರು. ಸಂಬಳವಿಲ್ಲದೆ ಗುಮಾಸ್ತರ ಪಕ್ಕದಲ್ಲಿ ಕೂತು ಬರೆಯುತ್ತ, ಎಂದಾದರೂ ಜಾಗ ಖಾಲಿಯಾದೀತೆಂದು ಕಾಯುತ್ತಿದ್ದರು. ಮನೆಯಲ್ಲಿ ಗದ್ದೆ ಇದ್ದವನು ಮಾತ್ರ ಹಾಗೆ ಕಾಯಬಲ್ಲವನಾಗಿದ್ದ.

ಈಗ ಲೆಕ್ಕ ಹಾಕೋಣ. ಚಿಕ್ಕಯ್ಯನಛತ್ರದಿಂದ ದಿನವೂ ಬಸ್ಸು ಹಿಡಿದು ಮೈಸೂರಿನ ಕಾಲೇಜಿಗೆ ಹೋಗಿ ರಾಜ್ಯಶಾಸ್ತ್ರ ಓದುವ ಮಿಲ್ ಕಾರ್ಮಿಕನ ಮಗಳಿದ್ದಾಳೆನ್ನಿ. ಬುದ್ಧಿಗೆ ಕೊರತೆಯಿಲ್ಲ, ಅಂಕಗಳಿಗೆ ಕೊರತೆಯಿಲ್ಲ. ದೆಹಲಿ ಎರಡು ಸಾವಿರ ಕಿಲೋಮೀಟರಿಗೂ ದೂರ. ರೈಲಿನ ಛಾರ್ಜು, ಕೋಣೆಯ ಬಾಡಿಗೆ, ಎರಡು ಹೊತ್ತಿನ ಊಟ, ಇವನ್ನೆಲ್ಲ ಮೂರು ತಿಂಗಳು ಯಾರು ಕೊಡಬೇಕು? ಅವಳ ಅಪ್ಪ ಮೂರು ಪಾಳಿ ದುಡಿದರೂ ಸಾಲದು. ಚಿಲ್ಲರೆ ಅಂಗಡಿಯವನು ಬಂಡವಾಳಕ್ಕೆ ಕೈ ಹಾಕಿದರೆ ಅಂಗಡಿಯೇ ಮುಚ್ಚಬೇಕು. ದೆಹಲಿಯಲ್ಲೇ ಬಂಗಲೆಯಿರುವ ಅಧಿಕಾರಿಯ ಮಗನಿಗೆ ಈ ಪ್ರಶ್ನೆಯೇ ಏಳುವುದಿಲ್ಲ. ಬಾಗಿಲಿಗೆ ಬೀಗವಿಲ್ಲ, ನಿಜ. ಆದರೆ ಹೊಸ್ತಿಲು ದಾಟುವ ಶುಲ್ಕವನ್ನು ಸಿರಿವಂತ ಮಾತ್ರ ಕೊಡಬಲ್ಲ.

ನಮ್ಮ ಊರಿನ ಹೆಸರಿನಲ್ಲೇ ಛತ್ರವಿದೆ. ದೂರದಿಂದ ಬಂದವನಿಗೆ ತಲೆಯ ಮೇಲೊಂದು ಸೂರು ಬೇಕೆಂದು ತಿಳಿದವರು ಛತ್ರ ಕಟ್ಟಿಸುತ್ತಿದ್ದರು. ದೇಶದೇಶಗಳ ವ್ಯವಹಾರ ಬಲ್ಲ ದೆಹಲಿಯ ಪಂಡಿತರಿಗೆ ಅಷ್ಟು ಸಣ್ಣ ಮಾತು ತಿಳಿಯದೆ ಹೋಯಿತೇ?

ಕೇಳಿದರೆ ಅವರು ಕೊಡುವ ಮೊದಲ ಉತ್ತರ: “ಇವರು ಕೆಲಸಗಾರರಲ್ಲ, ಕಲಿಯಲು ಬಂದವರು.” ಮಿಲ್ಲಿನ ಬಂಧುಗಳು ಈ ಮಾತಿಗೆ ನಗಬೇಕು. 1961ರ ಅಪ್ರೆಂಟಿಸ್ ಕಾಯಿದೆ ಏನು ಹೇಳುತ್ತದೆ? ಅಪ್ರೆಂಟಿಸು ಕಲಿಯುವವನು, ಕಾರ್ಮಿಕನಲ್ಲ ಎಂದೇ ಅದು ಹೇಳುತ್ತದೆ. ಹಾಗೆ ಹೇಳಿಯೂ, ಅವನಿಗೆ ತಿಂಗಳು ತಿಂಗಳು ಸ್ಟೈಪೆಂಡು ಕೊಡಲೇಬೇಕೆಂದು ಮಾಲೀಕನಿಗೆ ಕಟ್ಟು ಮಾಡಿದೆ. ಕಲಿಯುವವನಿಗೂ ಹೊಟ್ಟೆಯಿದೆ ಎಂಬುದು ಅರವತ್ತು ವರ್ಷಕ್ಕೂ ಹಿಂದೆಯೇ ಈ ದೇಶದ ಕಾಯಿದೆಗೆ ತಿಳಿದಿತ್ತು. ಲೇತ್ ಯಂತ್ರದ ಮುಂದೆ ನಿಂತು ಕಲಿಯುವವನಿಗೆ ಒಂದು ನ್ಯಾಯ, ಮೇಜಿನ ಮುಂದೆ ಕೂತು ಕಲಿಯುವವನಿಗೆ ಇನ್ನೊಂದು ನ್ಯಾಯವೇ? ನಮ್ಮ ಪೇಟೆಯ ಸೈಕಲ್ ಷಾಪಿನವನು ಕೂಡ ಕೆಲಸ ಕಲಿಯಲು ಬಂದವನನ್ನು ಬರಿಗೈಯಲ್ಲಿ ಮನೆಗೆ ಕಳಿಸಲು ನಾಚುತ್ತಾನೆ.

ಎರಡನೆಯ ಉತ್ತರವನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ, ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆ: ವಿದೇಶಾಂಗ ನೀತಿ ಕೂಲಿಕಾರರಿಗೂ ಅಂಗಡಿಯವರಿಗೂ ಏಕೆ? ಏಕೆಂಬುದನ್ನು ನಾವು ಹೇಳುತ್ತೇವೆ.

2023ರ ಏಪ್ರಿಲ್‌ನಲ್ಲಿ ಸೂಡಾನಿನಲ್ಲಿ ಸೇನಾಪತಿಗಳ ಕಾಳಗ ಹತ್ತಿಕೊಂಡಾಗ ಗುಂಡಿನ ನಡುವೆ ಸಿಕ್ಕಿಬಿದ್ದವರು ಯಾರು? ನಮ್ಮದೇ ಜಿಲ್ಲೆಯ ಹುಣಸೂರಿನ ಕಡೆಯಿಂದಲೂ ಕರ್ನಾಟಕದ ಬೇರೆಡೆಯಿಂದಲೂ ಗಿಡಮೂಲಿಕೆ ಮಾರಲು ಹೋಗಿದ್ದ 30ಕ್ಕೂ ಹೆಚ್ಚು ಮಂದಿ ಹಕ್ಕಿಪಿಕ್ಕಿ ಜನ. ಸರ್ಕಾರ ಅಲ್ಲಿನ ಭಾರತೀಯರನ್ನು ಹಡಗು ವಿಮಾನಗಳಲ್ಲಿ ಕರೆತಂದಿತು, ಅದಕ್ಕೆ ‘ಆಪರೇಷನ್ ಕಾವೇರಿ’ ಎಂದು ಹೆಸರಿಟ್ಟಿತು. ತಿರುಮಕೂಡಲಿನಲ್ಲಿ ಕಪಿಲೆ ಸೇರುವ ಕಾವೇರಿಯ ಹೆಸರು ದೆಹಲಿಗೆ ಬೇಕು. ಆ ನದಿಯ ದಡದ ಮಕ್ಕಳು ಬೇಡವೇ? 2022ರ ಮಾರ್ಚ್ 1ರಂದು ಯುಕ್ರೇನಿನ ಖಾರ್ಕೀವ್ ನಗರದಲ್ಲಿ ಶೆಲ್ಲಿಗೆ ಬಲಿಯಾದ ವೈದ್ಯ ವಿದ್ಯಾರ್ಥಿ ಹಾವೇರಿ ಜಿಲ್ಲೆಯವನು.

ಯುದ್ಧದ ಮಾತು ಬಿಡಿ, ವ್ಯಾಪಾರದ ಮಾತಿಗೆ ಬನ್ನಿ. 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡಾ 30ರಿಂದ 5ಕ್ಕೆ ಇಳಿಸಿದರು. ಚೀನದ ರೇಷ್ಮೆಗೆ ಬಾಗಿಲು ತೆರೆಯಿತು. ಇಲ್ಲಿ ಗೂಡಿನ ಬೆಲೆ ಕುಸಿದು ಬೆಳೆಗಾರರು ಬೀದಿಗಿಳಿದರು. 2013ರಲ್ಲಿ ಸುಂಕವನ್ನು 15ಕ್ಕೆ ಏರಿಸಬೇಕಾಯಿತು. ತಿ. ನರಸೀಪುರದಲ್ಲಿ ಸರ್ಕಾರದ ರೇಷ್ಮೆ ಫಿಲೇಚರ್ ಇದೆ. ನೂಲು ಬಿಚ್ಚುವ ಹೆಣ್ಣುಮಗಳ ಮನೆಯಲ್ಲಿ ಬೆಳೆದವರೊಬ್ಬರು ಚೀನದ ವಿಷಯದ ಆ ಮೇಜುಗಳಲ್ಲಿ ಕೂತಿದ್ದರೆ, ಅಂಕಿಯ ಹಿಂದಿರುವ ಒಲೆ ಅವರ ಕಣ್ಣಿಗೆ ಕಾಣುತ್ತಿತ್ತು. ನೀತಿಯ ಪೆಟ್ಟು ತಿನ್ನುವವರು ನೀತಿ ಬರೆಯುವ ಕೋಣೆಯಿಂದ ಹೊರಗಿರಬೇಕೆಂಬುದು ಯಾವ ಪ್ರಜಾಪ್ರಭುತ್ವ?

ಮೂರನೆಯ ಉತ್ತರ: “ಹಣವಿಲ್ಲ.” ಇದು ಸುಳ್ಳು. ವಿದೇಶಾಂಗ ಮಂತ್ರಾಲಯವೇ 2022ರ ತನ್ನ ಇಂಟರ್ನ್‌ಶಿಪ್ ಯೋಜನೆಯಲ್ಲಿ ತಿಂಗಳಿಗೆ 10,000 ರೂಪಾಯಿ ಗೌರವಧನ, ಊರಿನಿಂದ ದೆಹಲಿಗೆ ಹೋಗಿಬರುವ ವಿಮಾನದ ಛಾರ್ಜು ಕೊಡುವುದೆಂದು ಗೊತ್ತುಮಾಡಿತು. ಹಿಂದುಳಿದ ಜಿಲ್ಲೆಗಳ ವಿದ್ಯಾರ್ಥಿಗಳಿಗೆ ಆದ್ಯತೆಯನ್ನೂ ಇಟ್ಟಿತು. ದೆಹಲಿಯ ಬಾಡಿಗೆಗೆ ಇದು ಸಾಲದು. ಆದರೂ ಮಾಡಿದ್ದು ಒಳ್ಳೆಯದು. ಒಳ್ಳೆಯದನ್ನು ಒಳ್ಳೆಯದೆನ್ನಲು ನಮಗೆ ಸಂಕೋಚವಿಲ್ಲ. ಹೊರದೇಶದಲ್ಲೂ ನೋಡಿ. ವಿಶ್ವಸಂಸ್ಥೆಯ ಬಿಟ್ಟಿ ಇಂಟರ್ನ್ ಆಗಿ ಹೋದ ನ್ಯೂಜಿಲೆಂಡಿನ ತರುಣನೊಬ್ಬ 2015ರಲ್ಲಿ ಜಿನೀವಾದಲ್ಲಿ ಡೇರೆ ಹಾಕಿ ಮಲಗಿದ್ದು ಜಗತ್ತಿಗೆಲ್ಲ ಸುದ್ದಿಯಾಯಿತು. ವಿಶ್ವ ಆರೋಗ್ಯ ಸಂಸ್ಥೆ 2020ರಿಂದ ಭತ್ಯೆ ಕೊಡತೊಡಗಿತು. ಅಮೆರಿಕದ ಶ್ವೇತಭವನವೂ 2022ರಲ್ಲಿ ತನ್ನ ಇಂಟರ್ನ್‌ಗಳಿಗೆ ಹಣ ಕೊಡಲು ಆರಂಭಿಸಿತು. ಬಂಡವಾಳಶಾಹಿಯ ತವರಿಗೇ ನಾಚಿಕೆ ಬಂದ ಮೇಲೆ, ದೊಡ್ಡ ಹೋಟೆಲುಗಳಲ್ಲಿ ಸಮ್ಮೇಳನ ನಡೆಸುವ ನಮ್ಮ ಚಾವಡಿಗಳಿಗೆ ಒಬ್ಬ ವಿದ್ಯಾರ್ಥಿಯ ಊಟಕ್ಕೆ ಹಣವಿಲ್ಲವೆಂದರೆ ಯಾರು ನಂಬಬೇಕು?

ನಮ್ಮ ಬೇಡಿಕೆ ನಾಲ್ಕು.

ಒಂದು: ಸರ್ಕಾರದ ಹಣವನ್ನಾಗಲಿ ತೆರಿಗೆ ರಿಯಾಯಿತಿಯನ್ನಾಗಲಿ ಪಡೆಯುವ ಯಾವ ಸಂಸ್ಥೆಯೂ ವಿದ್ಯಾರ್ಥಿಯನ್ನು ಬಿಟ್ಟಿ ದುಡಿಸಕೂಡದು.

ಎರಡು: ಭತ್ಯೆಯ ಜೊತೆಗೆ ಪ್ರಯಾಣದ ವೆಚ್ಚವನ್ನೂ ತಂಗಲು ಜಾಗವನ್ನೂ ಕೊಡಬೇಕು.

ಮೂರು: ಅರ್ಜಿಯನ್ನೂ ಸಂದರ್ಶನವನ್ನೂ ಕನ್ನಡದಲ್ಲಿ ಎದುರಿಸಲು ಅವಕಾಶವಿರಬೇಕು. ಇಂಗ್ಲಿಷ್ ಉಚ್ಚಾರಣೆಯನ್ನು ಬುದ್ಧಿಯ ತೂಕದ ಬಟ್ಟಾಗಿ ಬಳಸಕೂಡದು.

ನಾಲ್ಕು: ಯಾರನ್ನು ತೆಗೆದುಕೊಂಡರು, ಯಾವ ಜಿಲ್ಲೆ, ಯಾವ ಕಾಲೇಜು ಎಂಬ ಲೆಕ್ಕವನ್ನು ಪ್ರತಿ ವರ್ಷ ಪ್ರಕಟಿಸಬೇಕು.

ನಂಜನಗೂಡು, ತಿ. ನರಸೀಪುರ ಎರಡೂ ಚಾಮರಾಜನಗರ ಲೋಕಸಭಾ ಕ್ಷೇತ್ರಕ್ಕೆ ಸೇರಿವೆ. ಪ್ರತಿಯೊಂದು ಮಿಲ್ಲಿನ ಸಂಘವೂ ವರ್ತಕರ ಸಂಘವೂ ಮುಂದಿನ ಸಭೆಯಲ್ಲಿ ಈ ನಾಲ್ಕು ಮಾತುಗಳ ನಿರ್ಣಯ ಮಾಡಿ ಲೋಕಸಭಾ ಸದಸ್ಯರಿಗೆ ಕಳಿಸಲಿ. ಪಾರ್ಲಿಮೆಂಟಿನಲ್ಲಿ ಪ್ರಶ್ನೆ ಎತ್ತಿಸಿದರೆ ಮಂತ್ರಿ ಉತ್ತರ ಹೇಳಲೇಬೇಕು. ಮಗಳು ಮೈಸೂರಿನ ಕಾಲೇಜಿನಿಂದ ಬಂದು ದೆಹಲಿಯ ಮಾತೆತ್ತಿದಾಗ “ಅದು ನಮ್ಮಂಥವರಿಗಲ್ಲಮ್ಮ” ಎಂದು ಹೇಳಿ ಅವಳನ್ನು ಸುಮ್ಮನಾಗಿಸಬೇಡಿ. ಅರ್ಜಿ ಹಾಕಿಸಿ. ಅವಳ ಛಾರ್ಜನ್ನು ಸರ್ಕಾರದಿಂದ ವಸೂಲು ಮಾಡುವ ಹೋರಾಟ ನಮ್ಮದೂ ನಿಮ್ಮದೂ ಆಗಲಿ.